ಎರಡನೇ ಸಲದ ಐಸು

ನ್ಯೂ ಬೆಡ್‌ಫರ್ಡಿನ ದಕ್ಕೆಯಲ್ಲಿ ಬೆಳಗಿನ ಆರಕ್ಕೆ
ಅದೆಲಿನೊ ಸಲಿಕೆಯಿಂದ ಐಸು ಸುರಿಯುತ್ತಾನೆ ನನ್ನ ಬಕೆಟ್ಟಿಗೆ.
‘ಯಾವ ಮೀನಿಗೆ, ಟೀಚರ್?’
ಕಣ್ಣಿಗೆ ಕಾಣದ ಮೀನಿಗೆ, ಅನ್ನುತ್ತೇನೆ.
ದುಡ್ಡು ಮುಟ್ಟುವುದಿಲ್ಲ.

ನನ್ನ ಪ್ರಯೋಗಶಾಲೆಯೆಂದರೆ ಇಷ್ಟೇ:
ಮೀನು ಹೊತ್ತು ಬಂದ ಥರ್ಮಾಕೋಲ್ ಪೆಟ್ಟಿಗೆ, ಒಳಗೊಂದು ಬಲ್ಬು,
ಇರುಳಿಗೆ ಮೊಸರು ಹೆಪ್ಪುಗಟ್ಟುವಷ್ಟು ಬೆಚ್ಚಗೆ;
ಅಗರ್ ಬೇಯಿಸಲು ಮನೆಯ ಕುಕ್ಕರು
(ಮೊದಲ ಸೀಟಿಗೆ ಅರ್ಧ ಕ್ಲಾಸು ಬೆಂಚಿನಡಿ ಸೇರಿತ್ತು);
ಯಾವುದೋ ಕಂಪನಿ ಬಾಗಿಲು ಹಾಕುವಾಗ ಸಿಕ್ಕ
ಎಂಟು ಪಿಪೆಟ್ಟು. ಒಂದಕ್ಕೆ ಸ್ಪ್ರಿಂಗಿಲ್ಲ.
ತಲೆಗೆ ಮೂರು ಡಾಲರ್ ಬೀಳುತ್ತದೆ.
ಪ್ರಿನ್ಸಿಪಾಲರು ಎರಡೆರಡು ಸಲ ಕೂಡಿ ನೋಡಿದರು.

ಹೋದ ವರ್ಷ ಬಾಸ್ಟನ್ನಿಗೆ ಕರೆದೊಯ್ದಿದ್ದೆವು.
ಗಾಜಿನಾಚೆ ಬಿಳಿ ಕೋಟು,
ಈಚೆ ನಮ್ಮ ಮಕ್ಕಳ ಉಸಿರಿನ ಮಬ್ಬು.
ದಡದಲ್ಲಿ ಕೂರಿಸಿ ಈಜು ಕಲಿಸಿದಂತೆ.

ಜುಲ್ಮೀರಾ ಫೊಂಟೆಸ್‌ಳ ಕೈ ನಡುಗುವುದಿಲ್ಲ.
ಅವಳಮ್ಮ ಮೀನು ಸೀಳುವ ಪಾಳಿಯವಳು.
ಐಸಿನಿಂದ ಎತ್ತಿದ ಕೊಳವೆ ನಲವತ್ತೆರಡು ಡಿಗ್ರಿಯ ನೀರಿಗೆ,
ಮತ್ತೆ ಐಸಿಗೆ.
ತುಟಿ ಅಲ್ಲಾಡಿಸದೆ ಸೆಕೆಂಡು ಎಣಿಸಿದಳು.

ಮರುದಿನ ಪೆಟ್ಟಿಗೆ ತೆರೆದರೆ
ಉಳಿದವರ ತಟ್ಟೆಗಳಲ್ಲಿ ನೀಲಿ ಕಳೆದು ಬಿಳಿ ಚುಕ್ಕಿ,
ರಂಗೋಲಿಗೆ ಇಟ್ಟು ಮರೆತ ಹಾಗೆ.
ಅವಳದು ಖಾಲಿ.

ಸಮಾಧಾನದ ಮಾತು ನನ್ನ ಬಾಯಿಗೆ ಬರುವ ಮೊದಲೇ
ಕಿಟಕಿಯ ಬೆಳಕಿಗೆ ಹಿಡಿದು, ತಿರುಗಿಸಿ, ಮೂಸಲು ಹೋಗಿ ಬೈಸಿಕೊಂಡು, ಅಂದಳು:
‘ಕತ್ತರಿ ಸರಿಯಾಗೇ ಹೋಗಿದೆ, ಮಿಸ್.
ಅದಕ್ಕೇ ಒಂದೂ ಬದುಕಿಲ್ಲ.
ಹೊಲಿಯುವ ದಾರ ಹಾಕೋದನ್ನೇ ಮರೆತೆ.’
ಸ್ಟ್ಯಾಂಡಿನಲ್ಲಿ ಅವಳ ಹೆಸರಿನ ಎರಡನೇ ಕೊಳವೆ
ಮುಚ್ಚಳ ಬಿಚ್ಚದೆ ಕೂತಿತ್ತು.

ಪುಸ್ತಕದಲ್ಲಿ ಇದು ಒಂದೂವರೆ ಸಾಲು.
ನಾಲ್ಕು ವರ್ಷ ಬೋರ್ಡಿನ ಮೇಲೆ ಬರೆದು ಒರೆಸಿದ್ದೇನೆ,
ತುಂಡಾದ ಎಳೆ ಕೂಡದಿದ್ದರೆ ಜೀವಕೋಶ ಉಳಿಯದು ಎಂದು.
ಬರೆದುಕೊಂಡಿದ್ದರು.

‘ಇನ್ನೊಂದು ಸಲ ಮಾಡಬಹುದಾ?’

ಈ ಪ್ರಶ್ನೆಗೆ ಎಷ್ಟೋ ಸಲ
ಮುಂದಿನ ವರ್ಷದವರಿಗೂ ಉಳಿಸಬೇಕಲ್ಲ ಎಂದು ತಲೆ ತಗ್ಗಿಸಿದವಳು ನಾನು.
ಮೂರು ಡಾಲರ್.
ಹೂಂ, ಮಾಡು, ಅಂದೆ.
ಹಿಂದಿನ ಬೆಂಚಿನಿಂದ, ತಟ್ಟೆ ಸರಿಬಂದಿದ್ದ ಹುಡುಗನೂ
ನಂಗೂ ಒಮ್ಮೆ ದಾರ ಬಿಟ್ಟು ನೋಡಬೇಕು ಅಂದ.

ಬ್ಲೀಚು ಸುರಿದೆವು ಎಲ್ಲ ತಟ್ಟೆಗಳಿಗೆ, ಬಿಳಿಗೂ ಖಾಲಿಗೂ ಒಂದೇ ಅಳತೆ.

ಗುರುವಾರ ಮತ್ತೆ ದಕ್ಕೆ, ಮತ್ತೆ ಆರು ಗಂಟೆ.
‘ಸಿಕ್ಕಿತಾ ನಿಮ್ಮ ಮೀನು?’
ಒಬ್ಬಳಿಗೆ ತಪ್ಪಿಸಿಕೊಂಡಿತು, ಅಂದೆ.
ಅವನು ಇನ್ನೂ ಒಂದು ಸಲಿಕೆ ಹಾಕಿದ.