ಅರ್ಧ ಇಂಚು

ಮೊದಲು ಫ್ಯಾನ್ ಬಂದ್ ಮಾಡಬೇಕು.
ಬಳ್ಳಾರಿಯ ಏಪ್ರಿಲ್‌ನಲ್ಲಿ ಇದನ್ನು ಹೇಳುವುದಕ್ಕೆ
ಮನೆಯಲ್ಲಿ ಸ್ವಲ್ಪ ಅಧಿಕಾರ ಬೇಕು.
ಇಲ್ಲದಿದ್ದರೆ ಕತ್ತರಿಸಿಟ್ಟ ಯಮುನಾಳ ಮೂರನೇ ವರ್ಷ
ಹಾರಿ ಹೊಲಿಗೆ ಮಷಿನ್ನಿನ ಕೆಳಗೆ ಕೂರುತ್ತದೆ,
ಪುಂಡಲೀಕನ ಮೊದಲ ಜವಳ ನೇರ ಒಲೆಕಟ್ಟೆಗೆ.

ಬುಕ್ಕು ಹೊಸದಲ್ಲ.
ಮಾವನ ಕಾಲದ ಅಳತೆ ಖಾತೆ, ಕೆಂಪು ಬಟ್ಟೆಯ ರಟ್ಟು.
ಕೌಲ್ ಬಜಾರಿನ ಅಂಗಡಿ ಮುಚ್ಚಿ
ನಾವು ಜೀನ್ಸ್ ಯೂನಿಟ್ಟಿಗೆ ಪೀಸ್ ಲೆಕ್ಕದಲ್ಲಿ ಹೊಲಿಯಹೋದ ವರ್ಷ
ಗುಜರಿಯವನ ತಕ್ಕಡಿಗೆ ಹೊರಟಿತ್ತು,
ಬಾಗಿಲಲ್ಲಿ ಹಿಡಿದೆ.
ಎಡಪುಟದಲ್ಲಿ ಯಾರ್ಯಾರದೋ ಸೊಂಟ, ತೋಳು, ಬಾಕಿ;
ಬಲಪುಟ ಪೂರಾ ಖಾಲಿ.
ಒಂದು ಸಂಸಾರಕ್ಕೆ ಅಷ್ಟು ಜಾಗ ಧಾರಾಳ.

ಅಂಟು, ಮೈದಾ ಗಂಜಿ; ಹುಳ ಹತ್ತದಂತೆ ಚಿಟಿಕೆ ಮೈಲುತುತ್ತ.
ಕಾಗದ, ಯೂನಿಟ್ಟಿನ ಖಾಕಿ ಪ್ಯಾಟರ್ನು, ಈಗ ಯಾರೂ ತೊಡದ ಬೆಲ್‌ಬಾಟಮ್ಮಿನದು.
ಮೊಳೆಗೆ ನೇತುಹಾಕಿದ ತೂತು ಇನ್ನೂ ಇದೆ;
ಹಿಂದಿನಿಂದ ಬೇಗಡೆ ಹಚ್ಚಿ
ಅದನ್ನೇ ಚಂದ್ರನನ್ನಾಗಿಸಿದೆ
ತಾರಾಬಾಯಿಯ ಮದುವೆ ರಾತ್ರಿಗೆ.
ಆ ರಾತ್ರಿ ಕರೆಂಟು ಹೋಗಿತ್ತು,
ಊಟದೆಲೆ ಹುಡುಕಿದ್ದು ಚಂದ್ರನ ಬೆಳಕಲ್ಲೇ.

ಮಿರ್ಚಿ ಕಟ್ಟಿಕೊಟ್ಟ ಪೇಪರಿನ ಎಣ್ಣೆಕಲೆಯನ್ನೂ ಅಂಟಿಸಿದ್ದೇನೆ.
ಯಾಕೆ ಅಂತ ಹೇಳುವುದಿಲ್ಲ,
ಇವರಿಗೆ ಗೊತ್ತು.

ಇವರೋ,
"ಇಷ್ಟು ಹೊತ್ತಲ್ಲಿ ಹತ್ತು ಜಿಪ್ ಕೂಡಿಸಬಹುದಿತ್ತು" ಎಂದು ಗೊಣಗಿ,
ಮರುದಿನ ಜೇಬಿನಿಂದ ಸೈಜ್ ಸ್ಟಿಕರು ತೆಗೆದು
ತಾವೇ ಸಾಲಾಗಿ ಹಚ್ಚಿದರು.
ಇಪ್ಪತ್ತೆಂಟು, ಮದುವೆಯಲ್ಲಿ.
ಮೂವತ್ತು, ಯಮುನಾ ಹುಟ್ಟಿದಾಗ.
ಮೂವತ್ತಾರರ ಪಕ್ಕದಲ್ಲಿ ಸೀಮೆಸುಣ್ಣದಿಂದ ಬರೆದರು:
"ನಿನ್ನ ಕೈಯಡುಗೆ."

ಮಕ್ಕಳ ಪಾದವನ್ನು ಪ್ರತಿ ಯುಗಾದಿಗೆ
ಖಾಕಿ ಹಾಳೆಯ ಮೇಲೆ ನಿಲ್ಲಿಸಿ ಗೆರೆ ಎಳೆಯುತ್ತೇನೆ.
ಪುಂಡಲೀಕ ಕಚಗುಳಿಗೆ ಕಾಲೆಳೆದುಕೊಂಡ ವರ್ಷ
ಹೆಬ್ಬೆರಳು ಬೆಂಡೆಕಾಯಿಯ ಹಾಗೆ ಬಂದಿದೆ, ಇರಲಿ.
ಗೆರೆಯ ಮೇಲೆ ಕತ್ತರಿ ಇಡುವುದಿಲ್ಲ,
ಸುತ್ತಲೂ ಅರ್ಧ ಇಂಚು ಬಿಡುತ್ತೇನೆ.
ಕಾಗದಕ್ಕೆ ಹೊಲಿಗೆಯಿಲ್ಲ, ಗೊತ್ತು.
ಕೈಗೆ ಗೊತ್ತಿಲ್ಲ.

ನಿನ್ನೆ ಅತ್ತೆ ಅಂಬುಬಾಯಿ ಬಂದು ಕೂತರು.
"ಎಲ್ಲರೂ ಅದಾರೆ. ನಾನೆಲ್ಲಿ?"
ಅವರದೆಂದು ಇರುವುದು ರೇಷನ್ ಕಾರ್ಡಿನ ಫೋಟೊ,
ಯಾರೋ ಆಗಷ್ಟೇ ಬೈದುಹೋದ ಮುಖ.
"ಅದು ಬ್ಯಾಡ" ಎಂದು ಬುಕ್ಕನ್ನು ಎಳೆದುಕೊಂಡರು.
ಅಕ್ಷರ ಬರುವುದಿಲ್ಲ, ಅಂಕಿ ಬರುತ್ತದೆ,
ದರ್ಜಿಯ ಹೆಂಡತಿ.
ಎಂಜಲು ಬೆರಳಲ್ಲಿ ಎಡಪುಟಗಳನ್ನೇ ಮಗುಚುತ್ತಾ ಮಗುಚುತ್ತಾ
ಒಂದು ಕಡೆ ನಿಂತರು.

*ಸಿರುಗುಪ್ಪದ ಹುಡುಗಿ. ಕುಪ್ಪಸ ಒಂದು.
ಎದೆ ಮೂವತ್ತು. ತೋಳು ಐದೂವರೆ. ಉದ್ದ ಹದಿಮೂರು.*
ಬಾಕಿ ಕಾಲಮ್ಮಿನಲ್ಲಿ ಒಂದು ಅಡ್ಡಗೆರೆ.

"ಹಣ ತಗಳ್ಳಲಿಲ್ಲ ನೋಡು," ಅಂದರು,
"ಅವಾಗಲೇ ನಮ್ಮಪ್ಪಗೆ ವಾಸನೆ ಹತ್ತಿತ್ತು."

ಕ್ಯಾಮೆರಾ ಕಾಣದ ಹದಿನೇಳು ವರ್ಷ
ಮೂರು ಅಂಕಿಗಳಲ್ಲಿ ನೆಟ್ಟಗೆ ನಿಂತಿತ್ತು.
ನಾನು ಕಾಲುಭಾಗಕ್ಕೆ ಇಳಿಸಿ ಗೆರೆ ಹಾಕಿದೆ.
ಯಮುನಾ ಜೀನ್ಸಿನ ತಾಮ್ರದ ನೂಲಲ್ಲಿ ಅಂಚು ಕಟ್ಟಿದಳು.
ಬಲಪುಟದಲ್ಲಿ ಅಂಗೈಯಗಲದ ಖಾಕಿ ಕುಪ್ಪಸ,
ಕುತ್ತಿಗೆ ಸ್ವಲ್ಪ ಓರೆ.

"ಅರ್ಧ ಇಂಚು ಬಿಟ್ಟೀಯೇನು?"
"ಬಿಟ್ಟೀನಿ ಅತ್ತೆ."
"ಅವರು ಒಂದಿಂಚು ಬಿಟ್ಟಿದ್ರು.
ಮೂರು ಹಡೆದ ಮೇಲೂ ಅದನ್ನೇ ಬಿಚ್ಚಿ ಬಿಚ್ಚಿ ತೊಟ್ಟೆ."

ಗಂಜಿ ಹಸಿಯಿತ್ತು. ಹಾಳೆ ಮುದುರುತ್ತಿತ್ತು.
ಅತ್ತೆ ಬುಕ್ಕನ್ನು ತಮ್ಮ ಹಾಸಿಗೆಯಡಿ ಸೇರಿಸಿ,
ಸಪಾಟಾಗಲಿ ಎಂದು
ನಮ್ಮೆಲ್ಲರ ಮೇಲೆ ಮೈಚಾಚಿ ಮಲಗಿ,
"ಈಗ ಹಾಕ್ರೋ ಫ್ಯಾನು" ಅಂದರು.