ಬಂದಳಿಕೆಯಲ್ಲಿ ಇನ್ನೂರು ಪದ

ದಿನಕ್ಕೆ ಇನ್ನೂರು ಪದ. ಯುಗಾದಿಯಿಂದ ತಪ್ಪಿಲ್ಲ,
ಜ್ವರದ ಎರಡು ದಿನ ಬಿಟ್ಟು.
ಇವತ್ತು ಶಿಕಾರಿಪುರದ ಬಸ್ಸಿನಲ್ಲಿ ಮೂವತ್ತಾರು ಬರೆದೆ,
ಅಕ್ಷರ ಕುಣಿದು ಅರ್ಧ ನನಗೇ ಓದಲಾಗದು.

ಬಂದಳಿಕೆಯಲ್ಲಿ ಇಳಿದವಳು ನಾನೊಬ್ಬಳೇ.
ಗುಡಿಗೆ ಸೂರಿಲ್ಲ. ಕಂಬಗಳು
ಇನ್ನೂ ಏನನ್ನೋ ಹೊತ್ತವರ ಹಾಗೆ ನಿಂತಿವೆ.
ಲಂಟಾನದ ಪೊದೆ ಸರಿಸಿದರೆ ಒಂದು ಕಲ್ಲು:
ಮೇಲೆ ಸೂರ್ಯ, ಚಂದ್ರ, ಕರುವಿಗೆ ಹಾಲೂಡುವ ಹಸು,
ಕೆಳಗೆ ಹದಿನಾಲ್ಕು ಸಾಲು. ಹದಿನೈದನೆಯದು
‘ಇದನಳಿದವಂ’ ಎಂಬಲ್ಲಿ ಒಡೆದಿದೆ.
ಅಳಿದವನಿಗೆ ಏನಾಗಬೇಕಿತ್ತೋ
ಆ ಶಾಪವೇ ಅಳಿದಿದೆ.

ನಕಲು ಮಾಡಿಕೊಂಡೆ. ನಕಲು ಲೆಕ್ಕಕ್ಕಿಲ್ಲ,
ನಿಯಮ ನಾನೇ ಮಾಡಿದ್ದು.

ಕಾವಲಿನ ಹುಚ್ಚರಾಯಪ್ಪ ಬುತ್ತಿ ಬಿಚ್ಚಿ
ರೊಟ್ಟಿ ಮುರಿದು ಕೊಟ್ಟರು, ಜೊತೆಗೆ ಶೇಂಗಾ ಚಟ್ನಿ.
‘ಏನ್ ಬರಿತೀರವ್ವ?’
‘ಏನೋ.’
‘ನಾನೂ ಬರಿತೀನಿ’ ಎಂದು ರಿಜಿಸ್ಟರ್ ತಂದರು.
ಹನ್ನೊಂದು ವರ್ಷದ್ದು, ಕೆಂಪು ಬಟ್ಟೆಯ ರಟ್ಟು:

ತಾರೀಖು. ಯಾರೂ ಬಂದಿಲ್ಲ.
ತಾರೀಖು. ಯಾರೂ ಬಂದಿಲ್ಲ. ಮಳೆ.
ತಾರೀಖು. ಶಾಲೆ ಮಕ್ಕಳು ನಲವತ್ತು, ಒಬ್ಬ ಬಿದ್ದ.
ತಾರೀಖು. ಯಾರೂ ಬಂದಿಲ್ಲ. ಮುಂಗುಸಿ.

ಆ ಮುಂಗುಸಿಯನ್ನೇ ನೋಡುತ್ತ ಕೂತೆ.
ಒಂದೇ ಪದ, ಚುಕ್ಕಿ ಸಮೇತ.
ನನ್ನ ನೋಟುಬುಕ್ಕಿನಲ್ಲಿ ಅಷ್ಟೊತ್ತಿಗೆ ತೊಂಬತ್ತೊಂದು,
ಬಹುಪಾಲು ‘ಮತ್ತು’, ‘ಆದರೆ’.

‘ನೀವೂ ಬರೀರಿ’ ಎಂದರು.
ಹೆಸರು: ವನಮಾಲಾ. ಊರು: ಭದ್ರಾವತಿ.
ಬಂದ ಉದ್ದೇಶ:
ಪೆನ್ನು ನಿಂತಿತು. ಮೂರೂವರೆಯ ಬಸ್ಸು
ಆಗಲೇ ತಿರುವಿನಲ್ಲಿ ಹಾರನ್ ಹಾಕುತ್ತಿತ್ತು.
‘ಖಾಲಿ ಬಿಡ್ರಿ, ನಾ ತುಂಬ್ತೀನಿ.’

ಓಡುತ್ತ ಎಣಿಸಿದೆ:
ಇನ್ನೂ ನೂರ ಒಂಬತ್ತು.