ನಿಲುಗಡೆ

ಚನ್ನರಾಯಪಟ್ಟಣ ಬಸ್ ಸ್ಟ್ಯಾಂಡಿನಲ್ಲಿ
ಹನ್ನೊಂದು ವರ್ಷದಿಂದ ಮೈಕು ನನ್ನದು.
ಶ್ರವಣಬೆಳಗೊಳ ಎರಡನೇ ಅಂಕಣ, ತಿಪಟೂರು ಆರು,
ನುಗ್ಗೇಹಳ್ಳಿಯವರು ಅವಸರ ಮಾಡಬೇಡಿ, ಟೈರು ಬದಲಾಯಿಸ್ತಿದಾರೆ.

ನೂರಾ ಹದಿನೆಂಟು ಕೇಜಿ ಇದ್ದೆ.
ಮೈಸೂರಿನ ಡಾಕ್ಟರು ಕಾಗದದ ಮೇಲೆ ಜಠರ ಬರೆದು,
ಕೊಯ್ದು, ನಿಂಬೆಹಣ್ಣಿನಷ್ಟು ಉಳಿಸಿ,
ಕೆಳಗಿನ ಕರುಳನ್ನು ಎತ್ತಿ ತಂದು ಅದಕ್ಕೇ ಜೋಡಿಸಿ ತೋರಿಸಿದಾಗ
"ಗೊತ್ತು ಬಿಡಿ ಸಾರ್, ಬೈಪಾಸು" ಅಂದೆ.
ನಮ್ಮೂರಿಗೂ ಮಾಡಿದಾರೆ.
ರಾತ್ರಿ ಗಾಡಿಗಳ ಲೈಟು ಮಾತ್ರ ದೂರದಲ್ಲಿ ಕಾಣುತ್ತೆ.
ನಿದ್ದೆ ಹೋದವರು ಇಲ್ಲಿ ಇಳಿಯದೆ
ಹಾಸನದಲ್ಲಿ ಕಣ್ಣು ಬಿಡುತ್ತಾರೆ.
ಇಷ್ಟೆಲ್ಲ ಗೊತ್ತಿದ್ದೂ ನನಗೆ ಹೊಳೆಯಲಿಲ್ಲ.

ಒಂಬತ್ತು ತಿಂಗಳಲ್ಲಿ ನಲವತ್ಮೂರು ಕೇಜಿ ಇಳಿದೆ.
ರವಿಕೆಯನ್ನು ದಸ್ತಗೀರ್ ಸಾಬರು ಮೂರು ಸಲ ಹಿಡಿದು ಹೊಲಿದರು.
ನಾಲ್ಕನೇ ಸಲ,
"ಬಟ್ಟೆಗಿಂತ ಹೊಲಿಗೆ ಜಾಸ್ತಿ ಆಯ್ತು ತಾಯಿ."

ಹದಿನೇಳನೇ ವಯಸ್ಸಿನಿಂದ ರಾತ್ರಿಗೊಂದು ಫಿಟ್ಸ್ ಮಾತ್ರೆ.
ನಿಧಾನ ಕರಗುವ ಜಾತಿ. ಬೆಳಗಿನ ತನಕ ಒಳಗೆ ಕೂತು
ತಲೆಯ ಲೈನು ಕಾಯೋದು ಅದರ ಡ್ಯೂಟಿ.
ಒಂದು ದಿನ ತಪ್ಪಿಸಿದವಳಲ್ಲ. ಖಾಲಿ ಹಾಳೆಗಳು
ಬಿಸ್ಕತ್ ಡಬ್ಬದಲ್ಲಿವೆ, ಎಣಿಸಿಕೊಳ್ಳಿ.

ಆ ಬುಧವಾರ ಹತ್ತೂ ಇಪ್ಪತ್ತು.
"ಅರಸೀಕೆರೆ ಕಡೆಗೆ ಹೊರಡುವ"
ಅಂದಿದ್ದೇ ಕೊನೆ. ಆಮೇಲಿನದು ಬೇರೆಯವರ ಬಾಯಲ್ಲಿ ಕೇಳಿದ್ದು.
ಮೈಕು ಆನ್ ಇತ್ತಂತೆ. ಹಲ್ಲು ಕಡಿಯುವ ಸದ್ದು, ಕುರ್ಚಿ ಬಿದ್ದ ಸದ್ದು
ಎಲ್ಲ ಅಂಕಣಕ್ಕೂ ಕೇಳಿಸಿತಂತೆ.
ಕಡಲೆಕಾಯಿ ಪುಟ್ಟನಂಜಿ ಮೊದಲು ಓಡಿಬಂದಳಂತೆ,
ಯಾರದೋ ಬೀಗದ ಕೈಗೊಂಚಲು ಕಸಿದುಕೊಂಡು.

ಮಾತ್ರೆ ಬಿಟ್ಟಿದ್ಯಾ? ಅಣ್ಣ ಕೇಳಿದ.
ಡಿಪೋ ಮ್ಯಾನೇಜರು ಕಾಗದ ಬರೆದು ಕೇಳಿದರು.
ರಕ್ತದಲ್ಲಿ ಅದರ ಸುಳಿವೇ ಇಲ್ಲ, ಯಾರು ನಂಬುತ್ತಾರೆ?

ಹಾಸನದ ದೊಡ್ಡಾಸ್ಪತ್ರೆಯಲ್ಲಿ, ಪರದೆ ಎಳೆದ ಮೇಲೆ,
ನಾಚಿಕೆ ಬಿಟ್ಟು ಹೇಳಿದೆ:
ಎರಡು ತಿಂಗಳಿಂದ ಕಕ್ಕಸಿನಲ್ಲಿ ಬಿಳೀ ಮಾತ್ರೆ ಕಾಣ್ತಿತ್ತು ಮೇಡಂ,
ನುಂಗಿದ ಆಕಾರದಲ್ಲೇ.
ಆ ಹುಡುಗಿ ಪೆನ್ನು ಕೆಳಗಿಟ್ಟಳು.
"ಇದನ್ನ ನಿಮಗೆ ಯಾರೂ ಮೊದಲೇ ಹೇಳಲಿಲ್ವಾ?"

ಈಗ ಸಿರಪ್ಪು, ದಿನಕ್ಕೆ ಮೂರು ಸಲ,
ಷಟ್ಲು ಗಾಡಿಯ ಹಾಗೆ. ಬಾಳೆಹಣ್ಣಿನ ಸುಳ್ಳು ವಾಸನೆ.
ಹದಿನೈದು ದಿನಕ್ಕೊಮ್ಮೆ ರಕ್ತ.
ಮೈಕು ಇನ್ನೂ ವಾಪಸ್ ಕೊಟ್ಟಿಲ್ಲ; ಪಾಸ್ ಕೌಂಟರಿನಲ್ಲಿ ಕೂರಿಸಿದ್ದಾರೆ.

ಎರಡು ಗಂಟೆಗೆ ಪುಟ್ಟನಂಜಿ ಬಂದು
ಕಡಲೆಕಾಯಿ ಅಳೆಯುವ ಪಾವಿನಿಂದ ಕಿಟಕಿಯ ಸರಳು ಬಡಿಯುತ್ತಾಳೆ.
ಮುಚ್ಚಳದ ಗೆರೆಯವರೆಗೆ ತುಂಬಿಸಿ, ಅವಳಿಗೆ ತೋರಿಸಿ, ಕುಡಿಯುತ್ತೇನೆ.
ಬಾಯಿ ಸಿಹಿಯಾಯಿತು ಅಂತ
ಆರೇ ಆರು ಕಾಳು ಸುಲಿದು ಕೊಡುತ್ತಾಳೆ.
ಏಳನೆಯದು ಹಿಡಿಯುವುದಿಲ್ಲ ಅಂತ ಅವಳಿಗೆ ಗೊತ್ತು.